ಅತ್ತಿಗೆ ಕಮರಿಗೆ ಹೊರಟದ್ದು

ನನ್ನ ಅತ್ತಿಗೆ ನಡೆಯುವುದನ್ನು ಒಮ್ಮೆ ಹಿಂದಿನಿಂದ ನೋಡಿದವರು ಆಮೇಲೆ ಎಂಥ ಜನಜಂಗುಳಿಯಲ್ಲೂ ಅವರನ್ನು ಗುರುತಿಸಬಲ್ಲರು. ಅವಸರವಿರಲಿ ಬಿಡಲಿ, ಏರಿರಲಿ ಇಳಿಜಾರಿರಲಿ, ಅವರ ಹೆಜ್ಜೆಯ ಉದ್ದ ಒಂದೇ. ಅದು ಎಪ್ಪತ್ತು ಸೆಂಟಿಮೀಟರ್ ಎಂದು ಅವರೇ ಮನೆಯ ಹಿಂದಿನ ಓಣಿಯಲ್ಲಿ ಟೇಪು ಹಾಸಿ ಅಳೆದಿಟ್ಟುಕೊಂಡಿದ್ದರು. ಮುಖ್ಯರಸ್ತೆಯಲ್ಲಿ ಅಗೆತ ನಡೆದು ದಾರಿ ಬದಲಾದ ದಿನ ಮನೆಮಂದಿಯೆಲ್ಲ ಧೂಳು, ಗದ್ದಲ ಎಂದು ಗೊಣಗುತ್ತಿದ್ದರೆ, ಅತ್ತಿಗೆ ಚಪ್ಪಲಿ ಬಿಡುತ್ತ, "ನಾನೂರ ಹತ್ತು ಹೆಜ್ಜೆ ಜಾಸ್ತಿ" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಅದು ದೂರಲ್ಲ, ಬರಿಯ ವರದಿ.

ಅವರ ಉದ್ಯೋಗವೇ ಹಾಗಿತ್ತೆನ್ನಬೇಕು. ನಮ್ಮ ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ತೊರೆ ಮೇಲಿನ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಮೂವತ್ತೆಂಟು ಕಿಲೋಮೀಟರ್ ಉದ್ದದ ಕಡಿದಾದ ಕಮರಿಯೊಂದರೊಳಗೆ ನುಸುಳಿ, ಪಟ್ಟಣದ ಮೇಲ್ಗಡೆ ಬಯಲಿಗೆ ಬರುತ್ತದೆ. ಬಯಲಿಗೆ ಬರುವ ಆ ಬಾಯಿಯಲ್ಲಿ ನೀರು ಸರಬರಾಜು ಕಚೇರಿಯವರು ನೆಟ್ಟ ಒಂದು ಅಳತೆಗೋಲಿದೆ. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಅದರ ಮುಂದೆ ನಿಂತು ನೀರಿನ ಮಟ್ಟವನ್ನು ಓದಿ ಪುಸ್ತಕದಲ್ಲಿ ಬರೆಯುವುದು ಅತ್ತಿಗೆಯ ಕೆಲಸ. ಇಪ್ಪತ್ತಮೂರು ವರ್ಷ ಅದನ್ನೇ ಮಾಡಿದ್ದರು. ಆ ಹೊತ್ತಿನಲ್ಲಿ ಅವರ ಮೈಮೇಲೆ ಯಾವ ಋತುವಿನಲ್ಲೂ ನನ್ನ ಅಣ್ಣನ ಹಳೆಯ ಮಳೆಕೋಟು ಇದ್ದೇ ಇರುತ್ತಿತ್ತು. ಅಣ್ಣ ಎತ್ತರದ ಆಳು, ಅತ್ತಿಗೆ ಗಿಡ್ಡ; ಕೋಟಿನ ತೋಳು ಮೂರು ಮಡಿಕೆ ಮಡಚಿ, ಅಂಚು ಮೀನಖಂಡದವರೆಗೆ ಜೋತು, ಬಲಜೇಬಿನಲ್ಲಿ ದಾರಕಟ್ಟಿದ ಪೆನ್ಸಿಲ್, ಎಡಜೇಬಿನಲ್ಲಿ ಕೋಲಿನ ಮೇಲಿನ ಪಾಚಿ ಒರೆಸುವ ಬಟ್ಟೆ. ಓದುವ ಮುನ್ನ ಅವರು ಬಾಗಿ, ಬಲಗೈಯನ್ನು ಮೊಣಕೈವರೆಗೆ ನೀರಿನಲ್ಲಿ ಅದ್ದುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ. "ಮಾತಾಡಿಸದೆ ಅಳೆಯೋದು ಸರಿಯಲ್ಲ" ಎಂದರು. ಲೆಕ್ಕದ ಮನುಷ್ಯರಿಂದ ಆ ಬಗೆಯ ಉತ್ತರ ಬಂದೀತೆಂದು ನಾನು ಎಣಿಸಿರಲಿಲ್ಲ.

ಮನೆಯಲ್ಲಿ ಯಾರು ಏನು ಹೇಳಿದರೂ ಅವರದೊಂದು ಉತ್ತರವಿತ್ತು: "ಅದು ಮಾತಾಯ್ತು, ಅಳತೆ ಹೇಳು." ಅಣ್ಣ, ಔಷಧಿ ಅಂಗಡಿ ಇಟ್ಟ ಮಿತಭಾಷಿ, ಮಂಡಿನೋವು ಜಾಸ್ತಿಯಾಗಿದೆ ಎಂದರೆ, "ಎಷ್ಟು ಮೆಟ್ಟಿಲಿಗೆ ಶುರುವಾಗುತ್ತೆ?" ಎಂದು ಕೇಳುವರು. ಪತ್ರಿಕೆಗಳಿಗೆ ಪ್ರಬಂಧ ಬರೆದು ಬದುಕುವ ನನ್ನಂಥವನಿಗೆ ಈ ಸ್ವಭಾವದೊಂದಿಗೆ ಒಂದೇ ಸೂರಿನಡಿ ಇರುವುದು ಸುಲಭದ ಮಾತಲ್ಲ. ನನ್ನ ಲೇಖನವೊಂದರಲ್ಲಿ "ಅಸಂಖ್ಯ ಹಕ್ಕಿಗಳು" ಎಂದಿದ್ದುದನ್ನು ಓದಿ, ಹಾಳೆ ಮಡಚಿಟ್ಟು, "ಎಣಿಸೋಕೆ ಬೇಜಾರಾಯ್ತಾ?" ಎಂದಿದ್ದರು.

ಇಂಥವರ ಅಳತೆಯ ಮೇಲೇ ಒಂದು ಬೇಸಿಗೆಯಲ್ಲಿ ಸಂಶಯ ಬಂತು. ಕಮರಿಯ ಮೇಲ್ತುದಿಯಲ್ಲೂ ಒಂದು ಅಳತೆಗೋಲಿದೆ. ಅಲ್ಲಿ ಇನ್ನೊಬ್ಬ ನೌಕರ ಓದುತ್ತಾನೆ. ಹೊಸದಾಗಿ ಬಂದ ಎಂಜಿನಿಯರು ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಬೇಸಿಗೆಯ ತಿಂಗಳುಗಳಲ್ಲಿ ಮೇಲಿಂದ ಐದು ಕೊಡ ನೀರು ಕಮರಿಯೊಳಕ್ಕೆ ಹೋದರೆ ಕೆಳಗೆ ಬರುವುದು ನಾಲ್ಕೇ ಕೊಡ ಎಂದು ಕಂಡಿತು. ಕಮರಿಯಲ್ಲಿ ಊರಿಲ್ಲ, ಹೊಲವಿಲ್ಲ, ನೀರು ಎತ್ತುವವರಿಲ್ಲ. ಹಾಗಾದರೆ ಐದನೆಯ ಕೊಡ ಎಲ್ಲಿ ಹೋಯಿತು? ಎಂಜಿನಿಯರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಅತ್ತಿಗೆಯ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಿಂದ ಎರಡು ಪದ ಬರೆದರು: "ಓದಿದವರ ತಪ್ಪಿರಬಹುದು."

"ನೋಡಿ ಅಮ್ಮಾ, ಇಪ್ಪತ್ಮೂರು ವರ್ಷ ಒಂದೇ ಕೋಲು ನೋಡಿದ್ದೀರಿ. ಕಣ್ಣಿಗೂ ವಯಸ್ಸಾಗುತ್ತಲ್ವಾ" ಎಂದು ಮೃದುವಾಗಿಯೇ ಹೇಳಿದರಂತೆ.

ಅತ್ತಿಗೆ ಆ ವಾರವೇ ಕಣ್ಣಿನ ಡಾಕ್ಟರ ಬಳಿ ಹೋಗಿ ತಪಾಸಣೆ ಮಾಡಿಸಿಕೊಂಡು, ದೃಷ್ಟಿ ನೆಟ್ಟಗಿದೆ ಎಂದು ಬರೆದ ಚೀಟಿಯನ್ನು ತಂದು ಆ ಕೆಂಪು ಶಾಯಿಯ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿಟ್ಟರು. ಆ ರಾತ್ರಿ ಊಟದ ಮೇಜಿನಲ್ಲಿ, ಉಪ್ಪು ಕೇಳಿದಷ್ಟೇ ಸಹಜವಾಗಿ, "ನಾನು ಕಮರಿ ಪೂರ್ತಿ ನಡೆದು ನೋಡ್ತೀನಿ. ಮೇಲಿಂದ ಕೆಳಗೆ. ಮುಂದಿನ ಬೇಸಿಗೆ" ಎಂದರು.

ಅಣ್ಣನ ಕೈಯ ಚಮಚ ನಿಂತಿತು. ಕಮರಿಯಲ್ಲಿ ದಾರಿಯಿಲ್ಲ, ಮನೆಯಷ್ಟು ದೊಡ್ಡ ಬಂಡೆಗಳ ರಾಶಿ, ಈಜಿಯೇ ದಾಟಬೇಕಾದ ಮಡುಗಳು, ಹಗ್ಗವಿಲ್ಲದೆ ಇಳಿಯಲಾಗದ ಒಂದು ಜಲಪಾತ. ಅತ್ತಿಗೆಗೆ ಆಗ ನಲವತ್ತೊಂಬತ್ತು. ಈಜು ಬಾರದು.

"ನೀನು ಹೋಗಲೇಬೇಕಾ?" ಎಂದ ಅಣ್ಣ.

"ರೀ, ನಾನು ತಪ್ಪು ಓದಿದ್ರೆ ಅದು ನನಗೆ ಗೊತ್ತಾಗ್ಬೇಕು. ಓದಿಲ್ಲ ಅಂದ್ರೆ ಅವರಿಗೆ ಗೊತ್ತಾಗ್ಬೇಕು. ಎರಡಕ್ಕೂ ದಾರಿ ಒಂದೇ."

ಮರುದಿನ ಅಂಗಡಿಯಿಂದ ಬರುವಾಗ ಅಣ್ಣ ಒಂದು ತಗಡಿನ ಡಬ್ಬಿ ತಂದು, ಅದರಲ್ಲಿ ಏನೇನು ಔಷಧಿ ಇರಬೇಕೆಂದು ತಾನೇ ಒಂದು ಪಟ್ಟಿ ಬರೆಯತೊಡಗಿದ. ಅವನ ಸಮ್ಮತಿಯ ರೀತಿ ಅದು.

ಆಮೇಲಿನ ಹನ್ನೊಂದು ತಿಂಗಳು ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಮುಂಗೋಣೆಯ ನೆಲದ ಮೇಲೆ ಹಳೆಯ ಹಾಸುಬಟ್ಟೆಯೊಂದು ಬಿತ್ತು; ಅದರ ಮೇಲೆ ಹಗ್ಗ, ಪಾತ್ರೆ, ಮಲಗುಚೀಲ, ಟೇಪು, ಬೆಂಡಿನ ತುಂಡುಗಳು ದಿನದಿನಕ್ಕೆ ಸ್ಥಾನ ಬದಲಿಸುತ್ತ ಕೂತವು; ಬಂದ ಅತಿಥಿಗಳು ಗೋಡೆ ಸವರಿಕೊಂಡು ಸುತ್ತಿ ಬಂದು ಕುಳಿತುಕೊಳ್ಳಬೇಕಾಯಿತು. ಅಡುಗೆಮನೆಯ ತಕ್ಕಡಿ ಮುಂಗೋಣೆಗೆ ಬಂದದ್ದು ವಾಪಸು ಹೋಗಲಿಲ್ಲ. ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ, ಚೀಟಿಯಲ್ಲಿ ತೂಕ. ತರಕಾರಿಯನ್ನು ತೆಳ್ಳಗೆ ಹೆಚ್ಚಿ ಕಿಟಕಿಯ ಜಾಲರಿಗಳ ಮೇಲೆ ಒಣಗಿಸಿ, ಒಂದು ಕಿಲೋ ಎಷ್ಟಕ್ಕೆ ಇಳಿಯಿತೆಂದು ನೋಡುವುದು ಭಾನುವಾರದ ಕಾರ್ಯಕ್ರಮವಾಯಿತು. ಜೊತೆಗೆ ಬರುವೆನೆಂದು ಉತ್ಸಾಹದಲ್ಲಿ ಮಾತು ಕೊಟ್ಟಿದ್ದ ನಾನು ಮೂರು ನೋಟ್‌ಬುಕ್ಕು ಇಟ್ಟರೆ ಎರಡನ್ನು ಎತ್ತಿ ಆಚೆಗಿಟ್ಟರು. "ಅಷ್ಟೊಂದು ಯೋಚನೆ ಬರುತ್ತೇನು ಅಲ್ಲಿ? ಒಂದು ಸಾಕು, ಚಿಕ್ಕದಾಗಿ ಬರಿ." ಅದೇ ನಿಷ್ಪಕ್ಷಪಾತದಿಂದ ಒಂದು ಸಂಜೆ ತಮ್ಮ ಮಳೆಕೋಟನ್ನೂ ತಕ್ಕಡಿಗೆ ಹಾಕಿದರು. ಒಂದೂಕಾಲು ಕಿಲೋ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತು, ಎತ್ತಿ ಗೂಟಕ್ಕೆ ನೇತುಹಾಕಿದರು, ಪಟ್ಟಿಯಿಂದ ಹೊಡೆದುಹಾಕಿದರು. ಕೋಟಿಲ್ಲದ ಅತ್ತಿಗೆ ಎಷ್ಟು ಸಣ್ಣವರು ಎಂದು ನನಗೆ ಅಂದೇ ಗೊತ್ತಾದದ್ದು.

ನಗರಸಭೆಯ ಈಜುಕೊಳದಲ್ಲಿ ಅವರು ಎಂಟು ವರ್ಷದ ಹುಡುಗಿಯರ ತಂಡಕ್ಕೆ ಸೇರಿದರು, ಯಾಕೆಂದರೆ ಬೆಳಗಿನ ಏಳಕ್ಕೂ ಕಚೇರಿಯ ಹತ್ತಕ್ಕೂ ನಡುವೆ ಇದ್ದದ್ದು ಅದೊಂದೇ ತರಗತಿ. ಇಪ್ಪತ್ತಮೂರು ವರ್ಷ ಕೈ ಅದ್ದಿ ಮಾತಾಡಿಸಿದ ನೀರು ಮೂಗಿನೊಳಕ್ಕೆ ಹೋದಾಗ ಅವರಿಗೆ ಅವಮಾನವಾದಂತಾಯಿತು ಎಂದು ಅಣ್ಣ ಹೇಳುತ್ತಿದ್ದ. ಮೊದಲ ತಿಂಗಳು ಹಲಗೆ ಹಿಡಿದು ಕಾಲು ಬಡಿದದ್ದಷ್ಟೇ. ಭಯವಾಗುತ್ತದೆಯೇ ಎಂದು ಕೇಳಿದೆ. "ಆಗುತ್ತೆ. ಮೊನ್ನೆ ನಾಲ್ಕು ಮೀಟರಿಗೆ ಶುರುವಾಗ್ತಿತ್ತು. ಇವತ್ತು ಏಳಕ್ಕೆ." ಭಯವನ್ನು ಅಳೆದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮ್ಮ ಕಟ್ಟಡಕ್ಕೆ ಐದು ಮಹಡಿ. ಸಂಜೆ ಆರಕ್ಕೆ ಅತ್ತಿಗೆ, ಹಿಂದೆ ನಾನು, ಬೆನ್ನಿಗೆ ಮರಳಿನ ಪೊಟ್ಟಣ ತುಂಬಿದ ಚೀಲ ಹೊತ್ತು ಹತ್ತು ಸಲ ಹತ್ತಿ ಇಳಿಯುವುದು. ಮೂರನೆಯ ಮಹಡಿಯ ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಲಿಫ್ಟು ಕೆಟ್ಟಿಲ್ಲಮ್ಮ, ಯಾರೋ ನಿನಗೆ ಸುಳ್ಳು ಹೇಳಿದ್ದಾರೆ" ಎನ್ನುವರು. ಈ ಮೆಟ್ಟಿಲಲ್ಲೇ ನಮಗೆ ಗಂಟಣ್ಣ ಸಿಕ್ಕಿದ್ದು. ಎತ್ತರದ ಚಿಮಣಿಗಳಿಗೆ, ನೀರಿನ ಟ್ಯಾಂಕುಗಳಿಗೆ ಹಗ್ಗದಲ್ಲಿ ತೂಗಿಕೊಂಡು ಬಣ್ಣ ಹೊಡೆಯುವ ಆತ ಮೇಲಿನ ಮನೆಯಲ್ಲಿದ್ದ. ನಲವತ್ತು ಬಗೆಯ ಗಂಟು ಬಲ್ಲವನೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು. ಒಂದು ಸಂಜೆ ಅತ್ತಿಗೆಯ ಚೀಲದ ಪಟ್ಟಿ ನೋಡಿ ತಡೆಯಲಾರದೆ, "ಅಕ್ಕಾ, ಹೀಗೆ ಕಟ್ಟಿದ್ರೆ ಹೆಗಲು ಸತ್ತೋಗುತ್ತೆ, ತಾಳಿ" ಎಂದು ಬಿಚ್ಚಿ ಕಟ್ಟಿಕೊಟ್ಟ. ವಿಷಯ ಕೇಳಿದ. ನಾಲ್ಕನೆಯ ದಿನ ತಾನೂ ಮರಳು ಹೊತ್ತು ಬಂದ.

ಯೋಜನೆಯ ಹೃದಯವೆಂದರೆ ಒಂದು ಹಾಳೆ. ಹಳೆಯ ಸರ್ವೆ ನಕ್ಷೆಯ ಮೇಲೆ ತೊರೆಯ ತಿರುವುಗಳುದ್ದಕ್ಕೂ ಹೊಲಿಗೆಯ ದಾರವಿಟ್ಟು, ದಾರವನ್ನು ನೆಟ್ಟಗೆ ಮಾಡಿ ಅಳೆದು, ದಿನಕ್ಕೆ ಎಷ್ಟು ನಡೆಯಬೇಕೆಂದು ಗುರುತು ಹಾಕಿದ್ದರು. ಐದು ದಿನ. ಗೋಡೆಯಂಥ ಎರಡೂ ಬದಿಗಳನ್ನು ಹತ್ತಿ ಹೊರಬರಲು ಸಾಧ್ಯವಿದ್ದದ್ದು ಎರಡೇ ಕಡೆ. ಎರಡನೆಯ ಹೊರದಾರಿ ಮೂರನೆಯ ದಿನದ್ದು. ಅದನ್ನು ದಾಟಿದರೆ ಮುಂದಿನ ಹದಿನಾಲ್ಕು ಕಿಲೋಮೀಟರ್ ಹೊರಗೆ ಬರುವ ಮಾತೇ ಇಲ್ಲ. ಮೇಲೆಲ್ಲೋ ಮಳೆಯಾದರೆ ಕಮರಿ ತುಂಬಿಬಿಡುತ್ತದೆ; ಮಡುಗಳನ್ನು ಈಜಿ, ಜಲಪಾತ ಇಳಿದು, ಆರು ಗಂಟೆ ದೂರದಲ್ಲಿರುವ ಒಂದೇ ಒಂದು ಎತ್ತರದ ಮರಳದಿಬ್ಬವನ್ನು ಕತ್ತಲಾಗುವ ಮೊದಲು ಸೇರಬೇಕು. ಆದ್ದರಿಂದ ಅತ್ತಿಗೆ ಬರೆದರು: "ಮೂರನೆಯ ದಿನ ಮಧ್ಯಾಹ್ನ ಹನ್ನೆರಡರ ನಂತರ ಎರಡನೆಯ ಹೊರದಾರಿ ತಲುಪಿದರೆ, ಕಾರಣ ಏನೇ ಇರಲಿ, ಹತ್ತಿ ಮನೆಗೆ ಬರುವುದು." ಕೆಳಗೆ ಮೂವರ ಸಹಿ. ಸಹಿ ಮಾಡುವಾಗ ಗಂಟಣ್ಣ ನಕ್ಕ. "ಅಕ್ಕಾ, ಇದೇನು ಕೋರ್ಟಾ?"

"ಅಲ್ಲಿ ಕಾಲು ನೋಯ್ತಿರುತ್ತೆ, ತಲೆ ಓಡಲ್ಲ. ಇಲ್ಲಿ ಕುರ್ಚಿ ಇದೆ, ಟೀ ಇದೆ. ತೀರ್ಮಾನ ಇಲ್ಲೇ ಮಾಡಿಬಿಡೋಣ" ಎಂದರು ಅತ್ತಿಗೆ.

ಕಚೇರಿ ಆರು ದಿನದ ರಜೆ ಕೊಟ್ಟಿತು, ಒಂದು ಮುಗುಳ್ನಗೆಯೊಂದಿಗೆ. ಬದಲಿಗೆ ಕೋಲು ಓದಲು ಬಂದ ಗುಮಾಸ್ತೆಯ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಅಣ್ಣ ಮಂಡಿಗೆ ಪಟ್ಟಿ ಸುತ್ತಿಕೊಂಡು ಏಳಕ್ಕೂ ಐದಕ್ಕೂ ನಿಲ್ಲುವುದೆಂದು ನಿಶ್ಚಯವಾಯಿತು.

ಈಗ ನನ್ನ ತಪ್ಪನ್ನು ಹೇಳಬೇಕು. ಹನ್ನೊಂದು ತಿಂಗಳು ಮೆಟ್ಟಿಲು ಹತ್ತಿದ ನನ್ನ ಹಳೆಯ ಬೂಟುಗಳ ತಳ ಸ್ವಲ್ಪ ಸವೆದಿತ್ತು. ಹೊರಡುವ ಮುನ್ನಾದಿನ ಅಂಗಡಿಯೊಂದರಲ್ಲಿ ಹೊಸ ಜೋಡಿ ಕಂಡು, ಚೆಲುವಾಗಿವೆಯೆಂದು ಕೊಂಡು, ಯಾರಿಗೂ ಹೇಳದೆ ಅವನ್ನೇ ಹಾಕಿಕೊಂಡು ಹೊರಟೆ. ಎರಡನೆಯ ದಿನ ಬಂಡೆಗಳ ರಾಶಿಯಲ್ಲಿ ಹಿಮ್ಮಡಿ ಉಜ್ಜಿತು. ಮೂರನೆಯ ದಿನ ಬೆಳಿಗ್ಗೆ ಕಾಲ್ಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಅತ್ತಿಗೆ ಡಬ್ಬಿ ತೆರೆದು ಒರೆಸಿ ಪಟ್ಟಿ ಹಾಕಿದರು. ಹೊಸ ಬೂಟನ್ನು ಕೈಯಲ್ಲಿ ತಿರುಗಿಸಿ ನೋಡಿ ಕೆಳಗಿಟ್ಟರು. ನಾನು ಕುಂಟಿದೆ, ಅವರ ಎಪ್ಪತ್ತು ಸೆಂಟಿಮೀಟರಿನ ಹೆಜ್ಜೆ ಪದೇಪದೇ ನಿಂತು ನನಗಾಗಿ ಕಾದಿತು.

ಎರಡನೆಯ ಹೊರದಾರಿಯ ಬುಡ ಮುಟ್ಟಿದಾಗ ಗಂಟೆ ಹನ್ನೆರಡೂ ನಲವತ್ತು. ಅತ್ತಿಗೆ ಚೀಲ ಇಳಿಸದೆಯೇ ನೀರಿಗಿಳಿದು, ಹತ್ತು ಮೀಟರ್ ಟೇಪು ಹಿಡಿಸಿ, ಬೆಂಡಿನ ತುಂಡು ತೇಲಿಬಿಟ್ಟು, ಗಡಿಯಾರ ನೋಡಿ, ಅಗಲ ಆಳ ಬರೆದುಕೊಂಡರು. ಮೂರು ಸಲ ಮಾಡಿದರು. ಲೆಕ್ಕ ಕೂಡಿಸಿದಾಗ ಅವರ ಮುಖ ಬೆಳಗಿತು: ಐದೂ ಕೊಡ ನೀರು ಇಲ್ಲಿಯವರೆಗೆ ಇತ್ತು. ಸೋರಿಕೆ ಎಲ್ಲಿದ್ದರೂ ಮುಂದಿನ ಹದಿನಾಲ್ಕು ಕಿಲೋಮೀಟರಿನಲ್ಲೇ.

ಎದುರಿಗೆ ಕಮರಿ ತಿರುಗಿಕೊಂಡು, ನೀಲಿ ನೆರಳಿನಲ್ಲಿ, ಬಾಗಿಲು ತೆರೆದಿಟ್ಟ ಮನೆಯ ಹಾಗೆ ನಿಂತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ.

"ನಲವತ್ತು ನಿಮಿಷ ಅಷ್ಟೇ ಅಕ್ಕಾ," ಎಂದ ಗಂಟಣ್ಣ. "ಮುಂದೆ ಬೇಗ ಬೇಗ ಹೋಗಿ ಸರಿಮಾಡ್ಕೊಳ್ಳೋಣ. ಇಷ್ಟು ದೂರ ಬಂದು..."

"ಅತ್ತಿಗೆ, ನಾನು ನಡೀತೀನಿ. ನೋವೇನಿಲ್ಲ" ಎಂದೆ ನಾನು. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಅವರು ಬಹಳ ಹೊತ್ತು ತಿರುವಿನ ಕಡೆ ನೋಡಿದರು. ಮತ್ತೊಂದು ವರ್ಷ ಆ ಕೆಂಪು ಶಾಯಿಯ ಪುಟ ಹಾಗೇ ಇರುತ್ತದೆ; ಕಚೇರಿಯ ಮುಗುಳ್ನಗೆ ಇನ್ನಷ್ಟು ಅಗಲವಾಗುತ್ತದೆ. ಆಮೇಲೆ ಹೊರದಾರಿಯ ಕಲ್ಲಿಗೆ ಕೈ ಹಾಕಿ, "ಹತ್ತಿ" ಎಂದರು.

ಆ ಮಧ್ಯಾಹ್ನ ಮಳೆ ಬರಲಿಲ್ಲ. ಪ್ರವಾಹ ಬರಲಿಲ್ಲ. ಮುಂದೆ ಹೋಗಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ. ಮೇಲಿನ ರಸ್ತೆಯಲ್ಲಿ ಲಾರಿಯೊಂದನ್ನು ಕಾಯುತ್ತ ಕೂತಾಗ, ತಡೆಯಲಾರದೆ ಇದನ್ನೇ ಹೇಳಿದೆ. "ಇರಬಹುದು" ಎಂದರು ಅತ್ತಿಗೆ, ಬೂಟಿನೊಳಗಿನ ಮರಳು ಕೊಡವುತ್ತ. ಸಮರ್ಥನೆಗೆ ಅವರು ಒಂದು ಮೋಡವನ್ನೂ ಸಾಲ ಕೇಳಲಿಲ್ಲ.

ಕಚೇರಿಗೆ ಮರಳಿದ ದಿನ ಎಂಜಿನಿಯರು, "ಪಿಕ್ನಿಕ್ ಹೇಗಿತ್ತು?" ಎಂದರಂತೆ.

"ಅರ್ಧ ಆಯ್ತು ಸರ್. ಉಳಿದದ್ದು ಮುಂದಿನ ಬೇಸಿಗೆ."

ಮುಂಗೋಣೆಯ ಹಾಸುಬಟ್ಟೆಯನ್ನು ಯಾರೂ ಎತ್ತಲಿಲ್ಲ. ನನ್ನನ್ನು ಕೈಬಿಡುವರೆಂದು ನಾನು ನಿರೀಕ್ಷಿಸಿದ್ದೆ. ಒಂದು ರೀತಿಯಲ್ಲಿ ಬಯಸಿದ್ದೆ ಕೂಡ. ಒಂದು ಸಂಜೆ ಬಾಗಿಲು ಬಡಿದು, ಆ ಹೊಸ ಬೂಟುಗಳನ್ನು ನನ್ನ ಮುಂದಿಟ್ಟು, "ಇವತ್ತಿಂದ ಮೆಟ್ಟಿಲಿಗೆ ಇದೇ" ಎಂದರು. ಬೈಗುಳ ಅಷ್ಟೇ, ಕ್ಷಮೆಯೂ ಅಷ್ಟೇ. ಇನ್ನೊಂದು ವರ್ಷ ಆ ಚೆಲುವಾದ ಬೂಟುಗಳು ಮೂರನೆಯ ಮಹಡಿಯ ಅಜ್ಜಿಯ ಮುಂದೆ ಹತ್ತಿದವು, ಇಳಿದವು, ಕುರೂಪವಾದವು, ನನ್ನ ಪಾದದ ಆಕಾರಕ್ಕೆ ಬಂದವು. ಅತ್ತಿಗೆ ಕೊಳದಲ್ಲಿ ಎರಡು ತಂಡ ಮೇಲೇರಿ ಹನ್ನೆರಡು ವರ್ಷದವರ ಜೊತೆ ಈಜುತ್ತಿದ್ದರು.

ಎರಡನೆಯ ಸಲ ಆ ಹೊರದಾರಿಯನ್ನು ನಾವು ಹತ್ತೂ ಇಪ್ಪತ್ತಕ್ಕೆ ದಾಟಿದೆವು. ಮಡುಗಳ ನೀರು ಎಲುಬು ಕೊರೆಯುವಷ್ಟು ತಣ್ಣಗಿತ್ತು. ಅರವತ್ತು ಮೀಟರಿನ ಮಡುವೊಂದನ್ನು ಅತ್ತಿಗೆ, ಗಾಳಿ ತುಂಬಿದ ಚೀಲವನ್ನು ಮುಂದೆ ತಳ್ಳುತ್ತ, ಗಲ್ಲವನ್ನು ನೀರಿನ ಮೇಲೆ ಎತ್ತಿ ಹಿಡಿದು, ನಡೆಯುವಷ್ಟೇ ಸಮನಾದ ಲಯದಲ್ಲಿ ದಾಟಿದರು. ಆಚೆ ದಡದಲ್ಲಿ ಹಲ್ಲು ಕಟಕಟಿಸುತ್ತಿದ್ದರೂ, "ನಲವತ್ತೈದಕ್ಕೆ ಶುರುವಾಯ್ತು" ಎಂದರು. ಏನು ಶುರುವಾಯಿತೆಂದು ಗಂಟಣ್ಣನಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

ನಾಲ್ಕನೆಯ ದಿನ ಬೆಳಿಗ್ಗೆ, ಎಡಗೋಡೆಗೆ ಒರಗಿ ನಿಂತ ದೊಡ್ಡ ಚಪ್ಪಡಿಯೊಂದರ ಬುಡದಲ್ಲಿ, ಗಂಟಣ್ಣ ಮೊದಲು ಸದ್ದು ಕೇಳಿದ. ಯಾರೋ ಬಟ್ಟಲಿನ ತಳ ಹೀರುತ್ತಿರುವಂಥ ಸದ್ದು. ಅತ್ತಿಗೆ ಬೆಂಡಿನ ತುಂಡೊಂದನ್ನು ಬಿಟ್ಟರು. ಅದು ಹತ್ತಡಿ ನೆಟ್ಟಗೆ ತೇಲಿ, ಯೋಚಿಸಿದಂತೆ ನಿಂತು, ಪಕ್ಕಕ್ಕೆ ಹೊರಳಿ, ಚಪ್ಪಡಿಯ ಕೆಳಗಿನ ಬಿರುಕಿನಲ್ಲಿ ಮಾಯವಾಯಿತು. ಅವರು ಮೊಣಕಾಲೂರಿ, ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿದರು. ಒಳಗಿನ ಸೆಳೆತಕ್ಕೆ ಅವರ ಹೆಗಲು ಜಗ್ಗಿತು.

"ನೀನೇನಾ?" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬಹುಕಾಲ ಹುಡುಕಿದ ವಿಳಾಸ ಸಿಕ್ಕವರ ದಣಿವಿತ್ತು.

ಬಿರುಕಿನ ಮೇಲೊಮ್ಮೆ ಕೆಳಗೊಮ್ಮೆ ಅಳೆದೆವು. ಮೂರು ಸಲವೂ ಉತ್ತರ ಒಂದೇ: ಕಾಣೆಯಾದ ಐದನೆಯ ಕೊಡದಲ್ಲಿ ಅರ್ಧ ಇಲ್ಲಿ ಹೋಗುತ್ತಿತ್ತು. ಇನ್ನರ್ಧ? ಕಮರಿಯ ಬಾಯಿವರೆಗೂ ಅಳೆಯುತ್ತ ಬಂದರೂ, ಅಲ್ಲಲ್ಲಿ ಜಲ್ಲಿಹಾಸಿನಲ್ಲಿ ಇಂಗುತ್ತಿರಬಹುದೆಂಬ ಊಹೆ ಬಿಟ್ಟರೆ ಕೈಗೆ ಏನೂ ಹತ್ತಲಿಲ್ಲ. ಐದನೆಯ ದಿನದ ಸಂಜೆ ಅಳತೆಗೋಲಿನ ಬಳಿ ಅಣ್ಣ ನಿಂತಿದ್ದ. ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ತಿಂದ್ಯಾ?" ಎಂದಷ್ಟೇ ಕೇಳಿದ.

ವರದಿ ನಾಲ್ಕು ಪುಟ. ಕಡೆಯ ಸಾಲು: "ಉಳಿದರ್ಧ ಎಲ್ಲಿ ಹೋಗುತ್ತದೆಂದು ನನಗೆ ತಿಳಿದಿಲ್ಲ." ಅದನ್ನು ತೆಗೆದುಹಾಕೆಂದು ಅಣ್ಣ ಹೇಳಿದ, ನಾನೂ ಹೇಳಿದೆ, ಎಂಜಿನಿಯರಿಗೆ ನೀವೇ ಜುಟ್ಟು ಕೊಟ್ಟಂತಾಗುತ್ತದೆ ಎಂದೆ. ತೆಗೆಯಲಿಲ್ಲ. ಎಂಜಿನಿಯರು ನಾಲ್ಕೂ ಪುಟ ಓದುವವರೆಗೆ ಅತ್ತಿಗೆ ಎದುರಿಗೆ ನಿಂತೇ ಇದ್ದರು. ನಾನು ಬಾಗಿಲ ಬಳಿ ಇದ್ದೆ.

"ಗೊತ್ತಿಲ್ಲ ಅಂತ ವರದಿಯಲ್ಲಿ ಯಾರಾದ್ರೂ ಬರೀತಾರಾ ಮೇಡಂ?" ಎಂದರು ಅವರು. "ಅಮ್ಮಾ" ಹೋಗಿ "ಮೇಡಂ" ಬಂದದ್ದನ್ನು ನಾನು ಗಮನಿಸಿದೆ.

"ಗೊತ್ತಿಲ್ಲದ್ದನ್ನ ಬರೀದೇ ಇದ್ರೆ, ಗೊತ್ತಿರೋದನ್ನ ಯಾರು ನಂಬ್ತಾರೆ ಸರ್?"

ಎಂಜಿನಿಯರು ಬಿರುಕಿನ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕಪಾಟಿನಿಂದ ಹಳೆಯ ಪುಸ್ತಕ ತರಿಸಿ, ಆ ಪುಟ ತೆರೆದು, ತಾವು ಬರೆದಿದ್ದ ಎರಡು ಪದಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಕು ಹಾಕಿದರು. "ಬರೋ ಬೇಸಿಗೆ ನಾನೂ ಬಂದು ನೋಡಬಹುದಾ?" ಎಂದು ಮೆಲ್ಲಗೆ ಕೇಳಿದರು. ಅತ್ತಿಗೆ ಒಪ್ಪಿ, ತಯಾರಿ ನಾಳೆಯಿಂದಲೇ ಶುರುವಾಗಬೇಕೆಂದರು.

ಪಟ್ಟಿ ಮಾಡುವವರನ್ನು, ತೂಗಿ ನೋಡುವವರನ್ನು, ಹೊರಡುವ ಮೊದಲೇ ಮರಳುವ ದಾರಿ ಹುಡುಕಿಡುವವರನ್ನು ನಾವು ಅಂಜುಬುರುಕರೆಂದು ನಗುತ್ತೇವೆ. ಧೈರ್ಯವೆಂದರೆ ಹಿಂದುಮುಂದು ನೋಡದೆ ಧುಮುಕುವುದೆಂದು ನಂಬಿದ್ದೇವೆ. ನನ್ನಂಥವರ ಧೈರ್ಯ ಆ ಜಾತಿಯದು, ಚೆಲುವಾದ ಬೂಟು ಕಂಡಾಗ ಹುಟ್ಟಿ ಹಿಮ್ಮಡಿ ಒಡೆದಾಗ ಸಾಯುವಂಥದು. ಅತ್ತಿಗೆಯಂಥವರು ಬೇರೆ ಮಣ್ಣಿನವರು. ದಣಿದ, ಹಸಿದ, ಆಸೆಗೆ ಬಿದ್ದ ನಾಳೆಯ ತಮ್ಮನ್ನು ಅವರು ನಂಬುವುದಿಲ್ಲ. ಆದರೆ ಇಂದಿನ ಶಾಂತವಾದ ಬೆಳಕಿನಲ್ಲಿ ಕುಳಿತು ಆ ನಾಳೆಯವಳಿಗಾಗಿ ಒಂದು ಮಾತು ಬರೆದಿಡುತ್ತಾರೆ, ಮತ್ತು ನಾಳೆ ಬಂದಾಗ, ನೋಡುವವರು ಯಾರೂ ಇರದ ಕಡೆಯಲ್ಲೂ, ಆ ಮಾತಿಗೆ ತಲೆಬಾಗುತ್ತಾರೆ. ಅವರಿಗೆ ಭಯವಿಲ್ಲವೆಂದಲ್ಲ. ಎಷ್ಟಿದೆಯೆಂದು ಅವರಿಗೆ ಗೊತ್ತಿರುತ್ತದೆ, ಅಷ್ಟೇ. ಅದಕ್ಕೂ ಚೀಲದಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಂಡೇ ಅವರು ಹೊರಡುತ್ತಾರೆ.